ಬಾಳಿಕೆ ನೋಡುವ ಈರಪ್ಪ ಕಾಕಾ

ಈರಪ್ಪ ಕಾಕಾ ಕಾಳು ಕಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಜೋಳವಿರಲಿ, ಕಡಲೆಯಿರಲಿ, ಮುಂದಿನ ಹಲ್ಲುಗಳ ನಡುವೆ ಇಟ್ಟು ‘ಕಟ್’ ಎನ್ನಿಸಿ, ಆ ಸಪ್ಪಳ ಕಿವಿಯೊಳಗೆ ಇಳಿದ ಮೇಲೆಯೇ ಮಾತು. ಕೃಷಿ ಇಲಾಖೆಯಲ್ಲಿ ಬೀಜ ಪರೀಕ್ಷೆ ಮಾಡುತ್ತಲೇ ನಿವೃತ್ತರಾದವರು. ಮೂಡಲಗಿಯಲ್ಲಿ ನಮ್ಮ ಪಕ್ಕದ ಮನೆ ಅವರದು.

ಅವರ ಕಟ್ಟೆಗೆ ಬರುವವರು ಬೀಜವನ್ನಷ್ಟೇ ತರುತ್ತಿರಲಿಲ್ಲ. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು, ಬ್ಯೂಟಿ ಪಾರ್ಲರ್ ತೆರೆಯುವವರು, ಎಲ್ಲರೂ ಕೇಳುವುದು ಒಂದೇ: “ಕಾಕಾ, ಇದು ಬಾಳಿಕಿ ಬರ್ತೈತೇನ್ರಿ?” ಮಗಳಿಗೆ ಬಂದ ಸಂಬಂಧದ ಬಗ್ಗೆ ಒಬ್ಬರು ಹಾಗೆಯೇ ಕೇಳಿದಾಗ ಕಾಕಾ, “ಹುಡುಗನ್ನ ನಾ ಹೆಂಗ ಕಡದು ನೋಡ್ಲಿ?” ಎಂದು ನಕ್ಕಿದ್ದರು.

ಒಮ್ಮೆ ಹುಕ್ಕೇರಿ ಕಡೆಯ ರೈತನೊಬ್ಬ ಶೇಂಗಾದ ಚೀಲ ಹೊತ್ತು ಸಿಟ್ಟಿನಿಂದ ಬಂದ. “ನಮ್ಮ ಬೀಗ ಸತ್ತ ಬೀಜ ಕೊಟ್ಟಾನ್ರಿ. ಒಂದೂ ಮೊಳಕಿ ಒಡದಿಲ್ಲ. ಇನ್ನ ಅವನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ.”

“ಕಿತ್ತು ಎಷ್ಟ ದಿನ ಆತು?”

“ಹದಿನೈದ ದಿನ ಆಗಿರಬೇಕ್ರಿ.”

ಕಾಕಾ ಒಂದು ಕಾಳನ್ನು ಉಗುರಿನಿಂದ ಸೀಳಿ, ಮೊಳಕೆ ಒಡೆಯುವ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದರು. “ಇದು ಸತ್ತಿಲ್ಲೋ, ಮಲಗೈತಿ. ಈ ಜಾತಿ ಹೊಸಾ ಶೇಂಗಾಕ್ಕ ಒಂದಿಷ್ಟ ದಿನ ನಿದ್ದಿ ಬೇಕು. ಒಂದೆರಡ ತಿಂಗಳ ಬಿಟ್ಟು ಹಸಿ ಬಟ್ಟಿಯಾಗ ಕಟ್ಟಿ ನೋಡು. ಅಲ್ಲೀತನಕ ಬೀಗನ ಜೋಡಿ ಜಗಳಾಡಬ್ಯಾಡ.”

ಎರಡು ತಿಂಗಳ ಮೇಲೆ ಬೀಗರಿಬ್ಬರೂ ಒಂದೇ ಮೋಟರ್ ಸೈಕಲ್ಲಿನಲ್ಲಿ ಬಂದು ಕಾಕಾನ ಮನೆಯಲ್ಲಿ ಚಹಾ ಕುಡಿದು ಹೋದರು.

ನಾನು ರೊಟ್ಟಿ ಮಾಡಿ ಮಾರುವ ಕೆಲಸ ಶುರುಮಾಡಬೇಕೆಂದಾಗ ಬ್ಯಾಂಕಿನ ಸಾಹೇಬರು, “ಇದು ವಯಬಲ್ ಅಂತ ಹೆಂಗ ನಂಬೋಣ್ರಿ?” ಎಂದು ಸಾಲದ ಅರ್ಜಿಯನ್ನು ನನ್ನ ಕಡೆಗೆ ಸರಿಸಿದರು. ಮನೆಗೆ ಬಂದು ಕಾಕಾನ ಮುಂದೆ ಅದನ್ನು ಹೇಳಿ ಅತ್ತುಬಿಟ್ಟೆ.

“ನಮ್ಮ ಆಫೀಸಿನ್ಯಾಗೂ ಅದ ಶಬ್ದ ಇತ್ತು ಯವ್ವಾ, ವಯಬಲ್ ಅಂದ್ರ ಬಾಳಿಕಿ ಬರೂವಂಥಾದ್ದು,” ಎಂದರು. “ಆದ್ರ ಬೀಜದ ಬಾಳಿಕಿ ಬೀಜದೊಳಗ ಇರ್ತೈತಿ. ನಿನ್ನ ರೊಟ್ಟೀದು ತಿನ್ನಾವ್ರ ಕಡೆ ಐತಿ. ನಡಿ, ಕೇಳಿ ಬರೂಣು.”

ಮರುದಿನ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದ ಖಾನಾವಳಿಯೊಂದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಕುಳಿತೆವು. ಕಾಕಾ ಸಂಕೋಚವಿಲ್ಲದೆ ಕಾರಿನಿಂದ ಇಳಿದವರನ್ನೆಲ್ಲ ಮಾತಿಗೆಳೆದರು. ಬಿಸಿ ರೊಟ್ಟಿ ಬಡಿಯಲು ಖಾನಾವಳಿಗಳಲ್ಲಿ ಹೆಂಗಸರು ಆಗಲೇ ಇದ್ದರು. ಊರಿಗೆ ಒಯ್ಯಲು ನಾಲ್ಕು ದಿನ ಇಟ್ಟರೂ ಕೆಡದ ಕಟಕ ರೊಟ್ಟಿ ಕೇಳಿದವರು ಮಾತ್ರ ಬರಿಗೈಯಲ್ಲಿ ಹೋದರು. ನಾನು ಕಟಕ ರೊಟ್ಟಿಗೇ ಕೈ ಹಾಕಿದೆ. ಇವತ್ತಿಗೂ ಅದೇ ನನ್ನ ಮನೆ ನಡೆಸುತ್ತಿದೆ.

‘ವಯಬಲ್’ ಎಂಬ ಆ ಶಬ್ದ ಮತ್ತೆ ಕಿವಿಗೆ ಬಿದ್ದದ್ದು ಘಟಪ್ರಭಾದ ಆಸ್ಪತ್ರೆಯಲ್ಲಿ. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದ್ದಳು. “ಇಷ್ಟ ದಿನ ತುಂಬಿದ ಕೂಸು ವಯಬಲ್, ಬದುಕೂವಂಥಾದ್ದು ಅಂತೀವಿ. ಆದ್ರ ಈಗ ಏನೂ ಖಾತ್ರಿ ಹೇಳಾಕ ಬರಂಗಿಲ್ಲ,” ಎಂದರು ಡಾಕ್ಟರು. ನನ್ನನ್ನು ನೋಡಲು ಬಂದ ಕಾಕಾ ಗಾಜಿನಾಚೆ ಮಲಗಿದ್ದ ಅಂಗೈಯಗಲದ ಕೂಸನ್ನು ಬಹಳ ಹೊತ್ತು ನೋಡುತ್ತ ನಿಂತರು.

“ಉಳಿತೈತೇನ್ರಿ ಕಾಕಾ? ನೀವರ ಹೇಳ್ರಿ.”

“ಬೀಜ ಆದ್ರ ನೂರರಾಗ ಎಂಬತ್ತು ಹುಟ್ಟತಾವು ಅಂತ ಬರದ ಕೊಡ್ತಿದ್ದೆ. ಇಪ್ಪತ್ತು ಹೋದ್ರ ಯಾರೂ ಅಳತಿರ್ಲಿಲ್ಲ. ನಿನಗಿರೋದು ಒಂದ ಕೂಸು. ನನಗ ತಿಳಿಯಂಗಿಲ್ಲ, ಯವ್ವಾ.”

ನನಗೆ ಸಿಟ್ಟು ಬಂತು. ಟ್ರ್ಯಾಕ್ಟರಿಗೂ ಪಾರ್ಲರಿಗೂ ಮಾತಿದ್ದ ಮನುಷ್ಯನಿಗೆ ನನ್ನ ಕೂಸಿಗೆ ಒಂದು ಮಾತಿಲ್ಲವೇ ಎಂದು ಮುಖ ತಿರುಗಿಸಿದೆ. ಆದರೂ ಅವರು ದಿನಾ ಮೂಡಲಗಿಯಿಂದ ಬಸ್ಸು ಹಿಡಿದು ಬಂದರು. ಗಂಜಿಯ ಡಬ್ಬಿ ಕೊಟ್ಟು, ಹೊರಗಿನ ಬೇವಿನ ನೆರಳಿನಲ್ಲಿ ಸಂಜೆಯವರೆಗೆ ಕುಳಿತು ಹೋಗುತ್ತಿದ್ದರು. ನಾಲ್ವತ್ತನೆಯ ದಿನ ಮಗಳನ್ನು ಮನೆಗೆ ಕರೆತಂದೆವು. ಈಗ ಅವಳು ಶಾಲೆಯಲ್ಲಿ ಒಂದನೆಯ ಇಯತ್ತೆ.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣು ಮಾಡಿ ಬಂದ ಎರಡು ದಿನಕ್ಕೆ ಅವರ ಹೆಂಡತಿ ಶಾಂತವ್ವ ಕಾಕೂ ಬಳಿ ಹೋಗಿ ಕುಳಿತಿದ್ದಾಗ, ಅಂಗಳದಲ್ಲಿ ಓಡಾಡುತ್ತಿದ್ದ ನನ್ನ ಮಗಳನ್ನು ನೋಡುತ್ತ ಕಾಕೂ ಹೇಳಿದರು: “ದವಾಖಾನಿಗೆ ಹೋಗಿ ಬಂದ ಮೊದಲನೇ ದಿನಾನ ನನ್ನ ಮುಂದ ಅಂದಿದ್ರು. ಕೂಸು ಉಳಿತೈತಿ, ಮುಷ್ಟಿ ಎಷ್ಟ ಬಿಗಿ ಹಿಡದೈತಿ ನೀ ನೋಡಬೇಕಿತ್ತು, ಅಂತ.”

“ಮತ್ತ ನನಗ್ಯಾಕ ಹೇಳಲಿಲ್ರಿ ಕಾಕೂ?”

“ನಾನೂ ಅದನ್ನ ಕೇಳಿದೆ. ‘ನಾ ಹೇಳಿ, ಅದು ಹುಸಿ ಆದ್ರ ಆ ಹುಡುಗಿ ಮಾರಿ ಹೆಂಗ ನೋಡ್ಲಿ?’ ಅಂದ್ರು.” ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವತ್ತ ಅವ್ರು ಉಣ್ಣಲೇ ಇಲ್ಲ ತಂಗಿ.”