ಗೆರೆ ದಾಟಿ ಬಿದ್ದ ಪೆಟ್ಟು

ಕಳೆದ ವಾರ ಹಳೆಯ ಕೀಬೋರ್ಡನ್ನು ಬಿಚ್ಚಿದೆ. ಎರಡು ಕೀಗಳು ಒತ್ತಿದರೆ ಏಳುತ್ತಲೇ ಇರಲಿಲ್ಲ. ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ, ಎಸೆಯಲು ನನಗೆ ಮನಸ್ಸಿಲ್ಲ, ಹಾಗಾಗಿ ನಾನೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ಕಪ್ಪು ಕೀಗಳ ಬುಡದಲ್ಲಿ ಬಿಳಿಯ ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದೆ. ಮುಖಕ್ಕೆ ಹಾಕುವ ಪೌಡರ್! ಇಷ್ಟು ವರ್ಷಗಳ ಮೇಲೆ ಅದರಲ್ಲಿ ಪರಿಮಳ ಉಳಿದಿರಲಿಕ್ಕಿಲ್ಲ, ಮೂಗೇ ಎಲ್ಲಿಂದಲೋ ಹುಡುಕಿ ತಂದಿರಬೇಕು... ನಮ್ಮ ಮನೆಯ ಕೀಬೋರ್ಡಿಗೆ ಪೌಡರ್ ಮೆತ್ತಿದವರು ಒಬ್ಬರೇ. ತಬಲದ ಮಾಮ.

ಮಾಮ ಎಂದರೆ ರಕ್ತಸಂಬಂಧವೇನಲ್ಲ. ಬಂಟ್ವಾಳ ಪೇಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ ಅವರ ಮನೆ. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ಶನಿವಾರ ಸಂಜೆ ಭಜನಾ ಮಂಡಳಿಯಲ್ಲಿ ತಬಲ. ಬಾರಿಸುವ ಮೊದಲು ಅಂಗೈಗೆ ಧಾರಾಳವಾಗಿ ಪೌಡರ್ ಉದುರಿಸಿಕೊಂಡು, ಹೆಚ್ಚಾದದ್ದನ್ನು ಕುತ್ತಿಗೆಗೆ ಸವರಿಕೊಳ್ಳುತ್ತಿದ್ದರು. ಅವರ ಪಕ್ಕ ಕೂತರೆ ಮದುಮಗನ ಪಕ್ಕ ಕೂತ ಹಾಗಾಗುತ್ತದೆ ಎಂದು ಮಂಡಳಿಯವರು ತಮಾಷೆ ಮಾಡುತ್ತಿದ್ದರು.

ಕೀಬೋರ್ಡ್ ಬಂದದ್ದು ಮಸ್ಕತ್ತಿನಿಂದ, ರಜೆಗೆ ಬಂದ ಚಿಕ್ಕಪ್ಪನ ಜೊತೆ. ನಾನಾಗ ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಿದ್ದೆ. ಗಲ್ಫಿನಿಂದ ಬಂದ ಇಂಥ ಕೀಬೋರ್ಡುಗಳು ಆಗ ನಮ್ಮ ಕಡೆ ಹಲವು ಮನೆಗಳಲ್ಲಿದ್ದವು, ಶೋಕೇಸಿನ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡು ಮಲಗಿರುತ್ತಿದ್ದವು. ನಮ್ಮದಕ್ಕೂ ಅದೇ ಗತಿ ಕಾದಿತ್ತು. ನಾನು ಮೊದಲು ಕಲಿತದ್ದು ಸ್ವರವನ್ನಲ್ಲ, ಗುಂಡಿಗಳನ್ನು. ಒಂದನ್ನು ಒತ್ತಿದರೆ ಡ್ರಮ್ಮು, ಇನ್ನೊಂದನ್ನು ಒತ್ತಿದರೆ ಪಿಟೀಲು, ಮತ್ತೊಂದಕ್ಕೆ ನಾಯಿ ಬೊಗಳುವ ಸದ್ದು. ಮನೆಗೆ ಬಂದ ನೆಂಟರೆಲ್ಲ ನಾಯಿಯದನ್ನೇ ಇನ್ನೊಮ್ಮೆ ಕೇಳುತ್ತಿದ್ದರು.

ಮಂಡಳಿಯ ಹಾರ್ಮೋನಿಯಂನವರು ಊರು ಬಿಟ್ಟು ಹೋದಾಗ ಮಾಮ ನೇರ ನಮ್ಮ ಮನೆಗೆ ಬಂದು, ಇವಳನ್ನು ಕಳಿಸಿಕೊಡಿ ಎಂದು ಅಪ್ಪನನ್ನು ಕೇಳಿದರು. ಹುಡುಗಿ, ಅದೂ ಮೆಷಿನ್ ಹಿಡಿದುಕೊಂಡು ದೇವರ ಎದುರು ಕೂರುವುದೇ ಎಂದು ಒಂದಿಬ್ಬರು ಗೊಣಗಿದರಂತೆ. ಹಾರ್ಮೋನಿಯಂ ಏನು ಮರದಲ್ಲಿ ಬೆಳೆದದ್ದಾ ಎಂದು ಕೇಳಿ ಮಾಮ ಅವರ ಬಾಯಿ ಮುಚ್ಚಿಸಿದರು.

ಶ್ರುತಿಯನ್ನು ಹಾರ್ಮೋನಿಯಂನವರು ಕೀಗಳ ಬಣ್ಣ ಹಿಡಿದು ಹೇಳುತ್ತಾರೆ, ಬಿಳಿ ಒಂದು, ಕಪ್ಪು ಎರಡು, ಹೀಗೆ. ನನಗೋ ಬಿಳಿ ಒಂದನ್ನು ಬಿಟ್ಟರೆ ಬೇರೆ ಕಡೆಯಿಂದ ನುಡಿಸಲು ಗೊತ್ತೇ ಇರಲಿಲ್ಲ. ಅದಕ್ಕೆ ಟ್ರಾನ್ಸ್‌ಪೋಸ್ ಎಂಬ ಗುಂಡಿ ಇತ್ತು. ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಮಾತ್ರ ಏರುತ್ತದೆ. ಒಂದು ಶನಿವಾರ ಏರಿಸಿದ್ದನ್ನು ಇಳಿಸಲು ಮರೆತುಬಿಟ್ಟೆ. ಇಡೀ ಮಂಡಳಿ ಕುತ್ತಿಗೆಯ ನರ ಉಬ್ಬಿಸಿಕೊಂಡು ಹಾಡಿತು. ದೇವರಿಗೆ ಇವತ್ತಾದರೂ ಸರಿಯಾಗಿ ಕೇಳಿಸಿರಬೇಕು ಎಂದು ಮಾಮ ಮಂಗಳಾರತಿ ಮುಗಿಯುವವರೆಗೆ ಒಳಗೊಳಗೇ ನಗುತ್ತಿದ್ದರು.

ಕೆಲವು ವರ್ಷ ಕಳೆಯುವಾಗ ಅವರ ಎಡಗೈ ಜೋಮು ಹಿಡಿಯಲು ಶುರುವಾಯಿತು. ನರದ ತೊಂದರೆ, ನಿಧಾನಕ್ಕೆ ಬಲಗೈಗೂ ಬರಬಹುದು ಎಂದು ಮಂಗಳೂರಿನ ಡಾಕ್ಟರು ಹೇಳಿದರಂತೆ. ಅದೇ ಹೊತ್ತಿಗೆ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ಗುರುವಾಯನಕೆರೆಯ ಕಂಪ್ಯೂಟರ್ ಅಂಗಡಿಯವನು ಸಂಗೀತದ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟಿದ್ದ. ಹೇಗೆ ಬಳಸುವುದು ಎಂದರೆ ಅವನಿಗೂ ಗೊತ್ತಿರಲಿಲ್ಲ. ಒತ್ತಿ ನೋಡಿ, ಕೆಡಿಸಿ ನೋಡಿ ಕಲಿತೆ. ಕೀಬೋರ್ಡಿಗೆ ವಯರ್ ಸಿಕ್ಕಿಸಿ ನುಡಿಸಿದರೆ ಒಂದೊಂದು ಸ್ವರವೂ ಪರದೆಯ ಮೇಲೆ ಪುಟ್ಟ ಪಟ್ಟಿಯಾಗಿ ಕೂರುತ್ತಿತ್ತು. ಅದನ್ನು ಮೊದಲ ಸಲ ಕಂಡ ದಿನ ನಾನು ಊಟಕ್ಕೂ ಕೆಳಗೆ ಇಳಿದಿರಲಿಲ್ಲ.

ವಿಷಯ ಮಾಮನ ಕಿವಿಗೂ ಬಿತ್ತು. ಒಂದು ಶನಿವಾರ ಭಜನೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

"ಕೈ ಪೂರ್ತಿ ಹೋಗುವ ಮೊದಲು ನನ್ನ ತಾಳವನ್ನು ಅದರೊಳಗೆ ಹಾಕಿಡುವ ಮಗಾ. ಮತ್ತೆ ನಾನು ಇಲ್ಲದಿದ್ದರೂ ಮಂಡಳಿಗೆ ಆಗ್ತದೆ."

ಮರುದಿನವೇ ಮಾಮ, ಮಾಮಿ ಇಬ್ಬರೂ ಬಂದರು. ಕಂಪ್ಯೂಟರ್ ಇದ್ದದ್ದು ಮಹಡಿಯಲ್ಲಿ. ಮಳೆಗಾಲದಲ್ಲಿ ನೇತ್ರಾವತಿ ಹೊಳೆ ಉಕ್ಕಿ ಅಂಗಳಕ್ಕೆ ಬರುವುದು ಇದ್ದದ್ದೇ, ಬೆಲೆಬಾಳುವ ಯಾವುದನ್ನೂ ನಾವು ಕೆಳಗೆ ಇಡುತ್ತಿರಲಿಲ್ಲ. ಮಾಮಿಗೆ ಗಂಟುನೋವು, ಮೆಟ್ಟಿಲು ಹತ್ತಲಾಗದೆ ಅಮ್ಮನ ಜೊತೆ ಕೆಳಗೇ ಕೂತರು. ಅವರೊಬ್ಬರು ಮೇಲೆ ಬಂದಿದ್ದರೆ... ಇರಲಿ.

ಕೀಬೋರ್ಡಿನಲ್ಲಿ ತಬಲದ ನಾದಗಳಿದ್ದವು, ಒಂದೊಂದು ಕೀಗೆ ಒಂದೊಂದು. ಎಡಗೈಯ ಒಂದು ಬೆರಳು ಆಡಿದರೂ ಸಾಕಿತ್ತು. ಮಾಮ ಜೇಬಿನಿಂದ ಡಬ್ಬಿ ತೆಗೆದು ಎರಡೂ ಕೈಗೆ ಪೌಡರ್ ಹಾಕಿಕೊಂಡರು. ಇದಕ್ಕೆ ಅದೆಲ್ಲ ಬೇಡ ಎಂದರೆ, ಕೈಗೆ ಬೇಕಲ್ಲ ಎಂದರು. ಲಯ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಟಕ್ ಟಕ್ ಸದ್ದು ಹಾಕಿಕೊಟ್ಟೆ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಹಾಡಿಕೊಳ್ಳುತ್ತಾ ನುಡಿಸಿದರು. ಮುಗಿಸಿದಾಗ ಹಣೆ ಬೆವರಿತ್ತು.

ಅದನ್ನು ತಿರುಗಿ ಹಾಕಿದಾಗ ಶನಿವಾರದ ಸಂಜೆಯೇ ಎದ್ದು ಬಂದ ಹಾಗಿತ್ತು. ಆದರೆ ಮಾಮ ಕೇಳುತ್ತಿರಲಿಲ್ಲ, ನೋಡುತ್ತಿದ್ದರು. ಪರದೆಯಲ್ಲಿ ಮೇಲಿಂದ ಕೆಳಗೆ ಉದ್ದನೆಯ ಗೆರೆಗಳು, ಗೆರೆಗಳಿಗೆ ತಾಗಿಕೊಂಡು ಅವರ ಪೆಟ್ಟುಗಳು. ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಚ್ಚುಕಟ್ಟಾಗಿತ್ತು. ಹಾಡಿನ ಸಾಲು ಮುಗಿಯುವಲ್ಲಿ ಬರುವ ಪೆಟ್ಟು ಮಾತ್ರ, ಪ್ರತಿ ಸಲವೂ, ಗೆರೆ ದಾಟಿ ಬಿದ್ದಿತ್ತು.

ಈ ಗೆರೆ ಏನು ಎಂದು ಕೇಳಿದರು. ಪೆಟ್ಟು ಬೀಳಬೇಕಾದ ಸರಿಯಾದ ಜಾಗ ಎಂದೆ. ಆ ಸಾಫ್ಟ್‌ವೇರ್ ನನಗೆ ಕಲಿಸಿದ್ದೇ ಅಷ್ಟು.

ಮಾಮ ಪರದೆಯ ಹತ್ತಿರ ಬಾಗಿ, ಗೆರೆ ದಾಟಿದ ಪೆಟ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದರು.

"ಇಷ್ಟು ವರ್ಷ ನಾನು ತಪ್ಪು ಬಾರಿಸಿದ್ದಾ? ಒಬ್ಬರಾದರೂ ಹೇಳಬಾರದಿತ್ತಾ?"

ಕೇಳಲಿಕ್ಕೆ ಚಂದ ಇದೆ, ಹಾಗೇ ಇರಲಿ ಎಂದೆ. ಒಪ್ಪಲಿಲ್ಲ. ತಪ್ಪಿದ ಪೆಟ್ಟುಗಳನ್ನೆಲ್ಲ ಒಂದೇ ಏಟಿಗೆ ಗೆರೆಗೆ ತಂದು ಕೂರಿಸುವ ವ್ಯವಸ್ಥೆ ಅದರಲ್ಲಿತ್ತು, ಅದನ್ನು ಮಾಡಿಸಿದರು. ಮೊದಲಿನದನ್ನು ಬೇರೆ ಇಡುತ್ತೇನೆ ಎಂದೆ. ತಪ್ಪಿದ್ದನ್ನು ಇಟ್ಟುಕೊಂಡು ಏನು ಮಾಡುವುದು, ಅಳಿಸು ಎಂದರು. ಅಳಿಸುವುದು ಬೇಡವೆಂದು ನನ್ನ ಕಿವಿಗೆ ಗೊತ್ತಾಗುತ್ತಿತ್ತು. ಆದರೆ ಗೆರೆ ಕಣ್ಣೆದುರು ಇತ್ತು. ಅಳಿಸಿದೆ.

ತಿದ್ದಿದ್ದನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿದೆವು. ಕೆಳಗಿನಿಂದ ಮಾಮಿಯ ದನಿ ಬಂತು.

"ಯಾರು ಅದು ಬಾರಿಸುವುದು?"

"ನಾನೇ ಮಾರಾಯ್ತಿ" ಎಂದು ಮಾಮ ಮೆಟ್ಟಿಲಿನವರೆಗೆ ಹೋಗಿ ಹೇಳಿದರು. ಅಷ್ಟರಲ್ಲಿ ಅಮ್ಮ ಚಹಾಕ್ಕೆ ಕರೆದರು.

ಮುಂದಿನ ಮಳೆಗಾಲಕ್ಕೆ ಮಾಮನ ತಬಲ ನಿಂತಿತು. ಮಂಡಳಿಯಲ್ಲಿ ಅವರ ತಾಳವನ್ನು ಹಾಕಿಕೊಂಡೇ ಹಾಡುತ್ತಿದ್ದೆವು. ಅವರು ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದರು. ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಸಾಲು ಮುಗಿಯುವಲ್ಲಿ ಮಾತ್ರ ಸ್ಪೀಕರಿನ ಪೆಟ್ಟು ಮೊದಲು, ಅವರ ಬೆರಳು ಆಮೇಲೆ. ಒಂದು ದಿನ ಅದು ಅವರಿಗೇ ತಿಳಿಯಿತು. ಕೈಯನ್ನು ಶಾಲಿನ ಒಳಗೆ ಎಳೆದುಕೊಂಡರು. ಮತ್ತೆ ಅವರು ತಾಳ ಹಾಕಿದ್ದನ್ನು ನಾನು ನೋಡಲಿಲ್ಲ. ಎದುರಿಗೇ ಕೂತಿದ್ದೆ, ಕೈ ಶಾಲಿನೊಳಗೆ ಹೋದದ್ದನ್ನು ಕಂಡೂ ನುಡಿಸುತ್ತಾ ಹೋದೆ.

ಮಾಮ ತೀರಿಕೊಂಡ ಮೇಲೆ ಒಂದು ಸಂಜೆ ಮಾಮಿಯನ್ನು ಮಾತಾಡಿಸಲು ಹೋಗಿದ್ದೆ. ಅವರ ತಬಲ ನಿನ್ನ ಹತ್ತಿರ ಉಂಟಲ್ಲ, ಒಮ್ಮೆ ಹಾಕು ಎಂದರು. ಫೋನಿನಲ್ಲಿತ್ತು, ಹಾಕಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೊನೆಯವರೆಗೂ ಕೇಳಿದರು. ಆಮೇಲೆ ನಿಧಾನಕ್ಕೆ, "ಇದರಲ್ಲಿ ಕಾಯುವುದೇ ಇಲ್ಲವಲ್ಲ" ಎಂದರು.

ಏನು ಕಾಯುವುದು ಎಂದು ಕೇಳಿದೆ. ಆಗ ಗೊತ್ತಾಯಿತು. ನಾನು ಮಂಡಳಿಗೆ ಸೇರುವುದಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿ ಹಾಡುತ್ತಿದ್ದದ್ದು ಮಾಮನ ಅಣ್ಣನಂತೆ. ಒಳ್ಳೆಯ ಕಂಠ, ಆದರೆ ದಮ್ಮಿನ ಕಾಯಿಲೆ. ಒಂದು ಸಾಲು ಮುಗಿಸಿದರೆ ಉಸಿರು ಎಳೆದುಕೊಳ್ಳಲು ಅವರಿಗೆ ಚೂರು ಹೊತ್ತು ಬೇಕಿತ್ತು.

"ಭಾವ ಉಸಿರು ತೆಗೆದುಕೊಳ್ಳುವವರೆಗೆ ಇವರು ಕೈ ಎತ್ತಿ ಹಿಡಿಯುತ್ತಿದ್ದರು. ಭಾವ ಹೋದ ಮೇಲೂ ಕೈ ಅಲ್ಲಿ ನಿಲ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲವಾ ಅಂತ."

ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಆ ಪೆಟ್ಟನ್ನು ನಾವು ತಿದ್ದಿದ ಕಥೆಯನ್ನು ಮಾಮಿಗೆ ಹೇಳಿ ಏನು ಪ್ರಯೋಜನ...

ಈಗ ನಾನು ಗುರುವಾಯನಕೆರೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ, ಮದುವೆ ಹಾಡುಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಸಾಫ್ಟ್‌ವೇರುಗಳು ಎಷ್ಟೋ ಮುಂದೆ ಹೋಗಿವೆ. ಇವತ್ತಿನವುಗಳಲ್ಲಿ ಹ್ಯೂಮನೈಸ್ ಎಂಬ ಒಂದು ಗುಂಡಿ ಇದೆ. ಗೆರೆಯ ಮೇಲೆ ಕೂತ ಪೆಟ್ಟುಗಳನ್ನು ಅದು ಆಚೀಚೆ ಸರಿಸಿ, ಮನುಷ್ಯರೇ ಬಾರಿಸಿದ ಹಾಗೆ ಮಾಡಿಕೊಡುತ್ತದೆ. ಮೊದಲು ಕಂಡಾಗ ನಗು ಬಂದಿತ್ತು. ಆ ನಗು ಹೆಚ್ಚು ಹೊತ್ತು ಇರಲಿಲ್ಲ.

ಕೀಬೋರ್ಡನ್ನು ಒರೆಸಿ ಮುಚ್ಚಿದ ಮೇಲೆ ಮಾಮನ ತಾಳವನ್ನು ತೆರೆದು ಆ ಗುಂಡಿ ಒತ್ತಿದೆ. ಪೆಟ್ಟುಗಳು ಒಂದು ಹಿಂದೆ, ಒಂದು ಮುಂದೆ, ಸಿಕ್ಕಲ್ಲಿ ಚದುರಿದವು. ಅದು ಮಾಮ ಅಲ್ಲ. ಎಲ್ಲವನ್ನೂ ಮತ್ತೆ ಗೆರೆಗೆ ತಂದು, ಸಾಲಿನ ಕೊನೆಯ ಪೆಟ್ಟನ್ನು ಮಾತ್ರ ಮೌಸಿನಿಂದ ಹಿಡಿದು ಆಚೆಗೆ ಎಳೆದೆ. ಸ್ವಲ್ಪ ಎಳೆದೆ, ಕಡಿಮೆಯಾಯಿತು. ಇನ್ನೂ ಎಳೆದೆ, ಜಾಸ್ತಿಯಾಯಿತು. ಎಷ್ಟು ಕಾಯಬೇಕೆಂದು ತಿಳಿಯಲು ಅವರ ಅಣ್ಣನ ಉಸಿರು ಕೇಳಿ ಗೊತ್ತಿರಬೇಕಿತ್ತು. ಅದನ್ನು ಕೇಳಿದ್ದ ಕೈಯನ್ನು ನಾವಿಬ್ಬರೂ ಸೇರಿ ತಿದ್ದಿಬಿಟ್ಟಿದ್ದೆವು.