ಕಾಕಾನ ತಂತಿಗೆ ಸಿಕ್ಕ ಗಾಳಿಪಟಗಳು

ಇತವಾರಿ ಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಕಾಯ್ದ ಸೀಸ, ಸುಟ್ಟ ರಾಳ, ಎರಡೂ ಬೆರೆತ ಕಮಟು ವಾಸನೆ. ಅಂಗಡಿಯವನು ಫೋನು ಕೈಗಿತ್ತ ಮೇಲೂ ನಾನು ಅಲ್ಲೇ ನಿಂತಿದ್ದೆ. ಹಿಂದಿನ ಕೈಗಾಡಿಯವನು "ದೀದಿ, ಬಾಜೂ ಹಟೋ" ಎಂದು ಕೂಗಿದಾಗಲೇ ಸರಿದದ್ದು. ಬಜಾಜ್ ನಗರದ ನಮ್ಮ ಬಾಡಿಗೆ ಮನೆಯ ಮಾಳಿಗೆ ಕೋಣೆಗೆ ಇದೇ ವಾಸನೆ ಇತ್ತು. ಅದು ನನ್ನ ಕಾಕಾನ ಹ್ಯಾಮ್ ರೇಡಿಯೋ ಕೋಣೆ, ಹವ್ಯಾಸಕ್ಕೆಂದು ಅವನು ರೇಡಿಯೋದಲ್ಲಿ ಮಾತಾಡುತ್ತಿದ್ದ ಜಾಗ. ಆ ಮನೆ ಈಗಿಲ್ಲ, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಿಮಗೂ ಅಂಥ ಒಂದು ಕೋಣೆ ಇದ್ದಿದ್ದರೆ ನಾನು ಹೇಳುವುದು ತಿಳಿದೀತು: ಅದನ್ನು ನೆನೆದರೆ ದುಃಖ ಬರುವುದಿಲ್ಲ, ಮೈಗೆಲ್ಲ ಜೋಮು ಹಿಡಿದ ಹಾಗಾಗುತ್ತದೆ.

ಕೇಂದ್ರ ಸರ್ಕಾರದ ನೌಕರಿಗೆಂದು ಧಾರವಾಡದಿಂದ ಈ ಮರಾಠಿ ಊರಿಗೆ ಬಂದಿದ್ದ ಕಾಕಾ, ಆಫೀಸಿನಿಂದ ಬಂದವನೇ ಚಪ್ಪಲಿ ಬಿಟ್ಟು ಮಾಳಿಗೆ ಹತ್ತುತ್ತಿದ್ದ. ಎರಡು ಬಿದಿರುಗಳ ನಡುವೆ ತಾಮ್ರದ ತಂತಿ ಕಟ್ಟಿದ್ದ. ಅದೇ ಅವನ ಆಂಟೆನಾ. ಸೆಟ್ಟಿನ ಮುಂದೆ ಕೂತು ಮೈಕಿನ ಬಟನ್ ಒತ್ತಿದರೆ ಕೊಲಂಬೊದವನೊಬ್ಬ, ಭೋಪಾಳದವನೊಬ್ಬ ಮಾತಿಗೆ ಸಿಗುತ್ತಿದ್ದರು. ಮಾತೇನೂ ದೊಡ್ಡದಲ್ಲ: ಇಲ್ಲಿ ಬಿಸಿಲು ಹೀಗಿದೆ, ಅಲ್ಲಿ ಮೋಡವೇ? "ಇಷ್ಟು ಹೇಳ್ಲಿಕ್ಕೆ ಇಷ್ಟೆಲ್ಲಾ ಸಾಮಾನು ಬೇಕೇನ್ರಿ?" ಎಂದು ಅವನ ಹೆಂಡತಿ, ನಮ್ಮ ಕಾಕು, ಕೆಳಗಿನಿಂದ ಕೂಗುತ್ತಿದ್ದಳು. ಸಂಕ್ರಾಂತಿ ಬಂತೆಂದರೆ ಓಣಿಯ ಗಾಳಿಪಟಗಳೆಲ್ಲ ಆ ತಂತಿಗೇ ಸಿಕ್ಕಿಕೊಳ್ಳುತ್ತಿದ್ದವು. ಕೇಳಲು ಬಂದ ಮಕ್ಕಳಿಗೆ ಕಾಕಾ ಸುಮ್ಮನೆ ಕೊಡುತ್ತಿರಲಿಲ್ಲ. ಮೋರ್ಸ್ ಸಂಕೇತದಲ್ಲಿ ತಮ್ಮ ಹೆಸರನ್ನು ಮೇಜಿನ ಮೇಲೆ ಕುಟ್ಟಿ ತೋರಿಸಬೇಕು, ಆಮೇಲೆ ಪಟ. ಗಿಡ್ಡ ಹೆಸರಿನವರು ಬೇಗ ಪಾರಾಗುತ್ತಿದ್ದರು. ಪಕ್ಕದ ಮನೆಯ ಮರಾಠಿ ಹುಡುಗಿ ಪ್ರಜ್ಞಾ ಮಾತ್ರ ತನ್ನ ಹೆಸರು ಕುಟ್ಟಿ ಮುಗಿಸಿ, ಪಟ ಅಲ್ಲೇ ಬಿಟ್ಟು, ಇನ್ನು ನಿಮ್ಮ ಹೆಸರು ಕುಟ್ಟಿ ಎಂದು ಕಾಕಾನ ಎದುರೇ ಕೂತುಬಿಟ್ಟಳು.

ಹಾಗೆ ಪಟಕ್ಕೆಂದು ಬಂದವರು ಎಷ್ಟೋ ಮಂದಿ ಮುಂದೆ ಪರೀಕ್ಷೆ ಬರೆದು ರೇಡಿಯೋದಲ್ಲಿ ಮಾತಾಡುವ ಲೈಸೆನ್ಸ್ ಪಡೆದರು. ಪ್ರಜ್ಞಾ ಮದುವೆಯಾಗಿ ಇದೇ ಊರಿನ ಮಹಾಲ್ ಬಡಾವಣೆಗೆ ಹೋದ ಮೇಲೂ, ಅವಳ ತವರಿನವರು ಪಕ್ಕದ ಮನೆ ಬಿಟ್ಟ ಮೇಲೂ, ಭಾನುವಾರ ಬೆಳಿಗ್ಗೆ ಊರಿನ ಹ್ಯಾಮ್ ಹವ್ಯಾಸಿಗಳನ್ನೆಲ್ಲ ರೇಡಿಯೋದಲ್ಲಿ ಒಬ್ಬೊಬ್ಬರಾಗಿ ಕರೆದು ಹಾಜರಿ ತಗೊಳ್ಳುತ್ತಿದ್ದವಳು ಅವಳೇ. ಮೊದಲ ಕರೆ ಕಾಕಾನಿಗೆ. ಲೈಸೆನ್ಸ್ ಇಲ್ಲದವರು ಮೈಕಿನ ಬಟನ್ ಮುಟ್ಟಕೂಡದು ಎನ್ನುವುದು ಕಾಕಾನ ಕಟ್ಟುನಿಟ್ಟು. ನಾನು ಕೇಳುತ್ತ ಕೂತಿರುತ್ತಿದ್ದೆ, ಅಷ್ಟೇ. "ನಮ್ಮನ್ಯಾಗಿಂದ ನೀ ಒಬ್ಬಾಕಿ ಬಂದ್ರ ಸಾಕವಾ ಸುಮಾ, ನನಗ ಬರೋಬರ್ ಜೋಡಿ ಆಗ್ತದ," ಎನ್ನುತ್ತಿದ್ದ. ಮುಂದಿನ ವರ್ಷ ಕಾಕಾ, ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ; ವರ್ಷಗಳು ಬೇಕಾದಷ್ಟಿವೆ ಅಂದುಕೊಂಡಿದ್ದೆ.

ಕೆಲ ವರ್ಷಗಳ ಹಿಂದೆ ಒಂದು ಶನಿವಾರ, ಎದೆನೋವೆಂದು ಕೂತ ಕಾಕಾ ಏಳಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಬಂಧುಗಳಿಗೆಲ್ಲ ಫೋನು ಹೋಯಿತು. ರೇಡಿಯೋದವರು ಯಾರಿಗೂ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ಮಾಳಿಗೆ ಹತ್ತಿ, ಏಕೆಂದು ತಿಳಿಯದೆಯೇ, ಸೆಟ್ ಹಚ್ಚಿದೆ. ಪ್ರಜ್ಞಾ ಕಾಕಾನನ್ನು ಕರೆದಳು. ಕಾದಳು. ಮತ್ತೆ ಕರೆದಳು. ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಕಾಕು ಬಾಗಿಲಲ್ಲಿ ನಿಂತಿದ್ದಳು.

"ಕರೀಲಿಕ್ಕತ್ತಾರ ಸುಮಾ. ನೀನರ ಹೇಳು."

"ನನ್ನ ಕಡೆ ಲೈಸೆನ್ಸ್ ಇಲ್ಲ ಕಾಕು," ಅಂದೆ.

ಆ ಹೊತ್ತಿನಲ್ಲಿ ಅದೆಂಥ ಮಾತು! ಆದರೆ ನನಗೆ ಅಳು ಕೂಡ ಬಂದಿರಲಿಲ್ಲ. ತಲೆಯಲ್ಲಿ ಕಾಕಾನ ಆ ನಿಯಮವೊಂದೇ ಉಳಿದಿತ್ತು. ಮೇಜಿನ ಮೇಲೆ ಅವನ ಮೊಬೈಲ್ ಬಿದ್ದಿತ್ತು. ಪ್ರಜ್ಞಾಳ ನಂಬರ್ ಇದ್ದದ್ದು ಅದರಲ್ಲೇ. ಹೆಚ್ಚು ಯೋಚಿಸದೆ ಒತ್ತಿದೆ. ಮಹಾಲಿನ ಅವಳ ಮನೆಯಲ್ಲಿ ಫೋನು ರಿಂಗಾಗುವುದು ನಮ್ಮ ರೇಡಿಯೋದಲ್ಲೇ ಕೇಳಿಸಿತು, ಅವಳ ದನಿಯ ಹಿಂದಿನಿಂದ.

"ಥಾಂಬಾ ಥಾಂಬಾ," ಎಂದು ಅವಳು ಎಲ್ಲರನ್ನೂ ತಡೆದಳು, "ಕಾಕಾಂಚಾಚ ಫೋನ್ ಆಲಾ!" ಕಾಕಾನದೇ ಫೋನು ಬಂತೆಂದು ಊರಿಗೆಲ್ಲ ಹೇಳುವಾಗ ಅವಳು ನಗುತ್ತಿದ್ದಳು. ಆಮೇಲೆ ರೇಡಿಯೋ ಸುಮ್ಮನಾಯಿತು.

"ಬೋಲಾ ಕಾಕಾ," ಹೇಳಿ ಕಾಕಾ, ಅಂದಿತು ನನ್ನ ಕೈಯಲ್ಲಿದ್ದ ಫೋನು.