ಗಿಲಾವ್ ಇಲ್ಲದ ಮನೆ

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಬೇಸಿಗೆ. ಆಗ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಆಗಿ ಸ್ವಂತ ಕಚೇರಿ ನಡೆಸುತ್ತಿದ್ದೆ. ಕಟ್ಟಡ ಎಷ್ಟು ಭಾರ ಹೊರುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಯಾಕೆ ಸೋರುತ್ತದೆ ಎಂದು ಹೇಳುವುದು ನನ್ನ ಕಸುಬು. ಮನೆ ಚೆಂದ ಇದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕಸುಬಲ್ಲ. ಆದರೆ ಆ ವರ್ಷ ಉಣಕಲ್ ಕಡೆಯ ಒಂದು ಬಡಾವಣೆಯ ನಿವಾಸಿಗಳ ಸಂಘದವರು ನನ್ನನ್ನು ಕರೆದದ್ದು ಹೆಚ್ಚುಕಡಿಮೆ ಅದಕ್ಕೇ.

ಅವರ ತಕರಾರು ಒಂದು ಮನೆಯ ಮೇಲೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಸುಜಾತಾ ಎಂಬ ಶಿಕ್ಷಕಿ ಅಲ್ಲಿ ಕಾಂಕ್ರೀಟ್ ಬ್ಲಾಕಿನ ಮನೆ ಕಟ್ಟಿಸಿದ್ದರು. ಬ್ಲಾಕಿನ ಮನೆ ಈಗ ಯಾವ ಓಣಿಯಲ್ಲಿಲ್ಲ? ಆದರೆ ಎಲ್ಲರೂ ಅದರ ಮೇಲೆ ಗಿಲಾವ್ ಬಳಿದು ಮುಚ್ಚುತ್ತಾರೆ. ಸಿಮೆಂಟ್ ಪ್ಲಾಸ್ಟರಿಗೆ ನಮ್ಮ ಕಡೆ ಗಿಲಾವ್ ಎನ್ನುತ್ತೇವೆ. ಸುಜಾತಾ ಒಳಗೂ ಹೊರಗೂ ಗಿಲಾವ್ ಮಾಡಿಸಿರಲಿಲ್ಲ, ಬಣ್ಣ ಹೊಡೆಸಿರಲಿಲ್ಲ. ಬೂದು ಬಣ್ಣದ ಟೊಳ್ಳು ಬ್ಲಾಕುಗಳು, ಅವುಗಳ ನಡುವೆ ನೀಟಾಗಿ ಗೀರಿದ ಸಂದುಗಳು, ಮೆಟ್ಟಿಲ ಹತ್ತಿರ ಗಾಳಿ ಆಡಲೆಂದು ಬ್ಲಾಕನ್ನು ಅಡ್ಡ ಮಲಗಿಸಿ ಮಾಡಿದ ಜಾಲಿ. ಸುತ್ತ ಗುಲಾಬಿ, ಹಳದಿ, ಗಿಳಿಹಸಿರು ಮನೆಗಳು. ನಡುವೆ ಇದೊಂದು.

ಸಂಘದ ಅರ್ಜಿಗೆ ಹನ್ನೊಂದು ಜನ ಸಹಿ ಹಾಕಿದ್ದರು. ಗಿಲಾವ್ ಇಲ್ಲದ ಗೋಡೆ ಮಳೆಗೆ ನೆನೆದು ಕುಸಿಯುತ್ತದೆ, ಅಕ್ಕಪಕ್ಕದವರಿಗೆ ಅಪಾಯ, ಬಡಾವಣೆಯ ಅಂದವೂ ಕೆಟ್ಟಿದೆ, ಆದ್ದರಿಂದ ಮಳೆಗಾಲದ ಒಳಗೆ ಗಿಲಾವ್ ಮಾಡಿಸಬೇಕು ಎಂಬುದು ಸಾರಾಂಶ. ಇಂಜಿನಿಯರ್ ಹೇಳಿದ ಮಾತಿಗೆ ಒಪ್ಪುತ್ತೇವೆ ಎಂದು ಎರಡೂ ಕಡೆಯವರು ಬರೆದುಕೊಟ್ಟಿದ್ದರು.

ಮನೆಯೊಳಗೆ ಹೋಗುವ ಮೊದಲು ಬೀದಿಯಲ್ಲಿ ಒಂದು ಸುತ್ತು ಹಾಕಿ ಜನರ ಮಾತು ಕೇಳುವುದು ನನ್ನ ಅಭ್ಯಾಸ. ಕುತೂಹಲ ನನಗೆ ಮೊದಲಿನಿಂದಲೂ ಒಂದು ತೂಕ ಜಾಸ್ತಿ, ಮನೆಯಲ್ಲಿ ಅದಕ್ಕೆ ಬೈಸಿಕೊಂಡದ್ದೂ ಇದೆ. ಮೂಲೆಯ ಆಟೋದವರು "ಜೇಲ್ ಮನಿ ಏನ್ರಿ? ಸೀದಾ ಹೋಗ್ರಿ" ಎಂದರು. ಕಿರಾಣಿ ಅಂಗಡಿಯವನಿಗೆ ಅದು ಗೋಡೌನ್. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಆ ಜಾಲಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತೋರಿಸಿ, ಇಡೀ ಬಡಾವಣೆಯಲ್ಲಿ ಫೋಟೋಗೆ ಲಾಯಕ್ಕಾದ ಗೋಡೆ ಇದೊಂದೇ ಎಂದಳು. ಎದುರು ಮನೆಯ ಬಸವರಾಜ ಕಾಕಾ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಅರ್ಜಿಯ ಮೊದಲ ಸಹಿ ಅವರದೇ.

"ಗಿಲಾವ್ ಇಲ್ಲದ ಗ್ವಾಡಿ ಅಂದ್ರ ಅಂಗಿ ಇಲ್ಲದ ಮನಶ್ಯಾ ಇದ್ದಂಗ್ರಿ. ಮಳಿ ಹೊಡದ್ರ ಏನಾಗಬೇಕು?" ಎಂದರು.

"ಒಳಗ ಹೋಗಿ ನೋಡೀರೇನ್ರಿ ಕಾಕಾ?"

"ಇಲ್ರಿ ಮೇಡಮ್. ಹೊರಗಿಂದನ ಕಾಣಸ್ತೈತಲ್ಲ."

ಇಷ್ಟು ಜನರಲ್ಲಿ ಒಬ್ಬರೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಗೋಡೆಗೆ ಎರಡು ಮೈ ಇರುತ್ತವೆ, ಒಂದನ್ನೇ ನೋಡಿ ತೀರ್ಪು ಕೊಡಲು ಇವರ್ಯಾರು ಎನಿಸಿತು.

ಸುಜಾತಾ ನನ್ನನ್ನು ಒಳಗೆ ಕೂರಿಸಿ ನೀರು ಕೊಟ್ಟರು. ಹೊರಗೆ ಮೇ ತಿಂಗಳ ಬಿಸಿಲು ಸುಡುತ್ತಿದ್ದರೂ ಒಳಗೆ ಹಿತವಾಗಿತ್ತು. ಟೊಳ್ಳು ಬ್ಲಾಕಿನ ಹೊಟ್ಟೆಯಲ್ಲಿರುವ ಗಾಳಿ ಶಾಖವನ್ನು ತಡೆಯುತ್ತದೆ ಎಂದು ನನಗೆ ಪಾಠ ಮಾಡಲು ಹೊರಟು, ತಾವೇ ನಕ್ಕು ಸುಮ್ಮನಾದರು. ಇಂಥ ಮನೆ ಯಾಕೆ ಎಂದು ಕೇಳಿದೆ. ಹುಟ್ಟಿ ಬೆಳೆದ ಬಾಡಿಗೆ ಮನೆಯಲ್ಲಿ ಪ್ರತಿ ಮಳೆಗಾಲ ಗೋಡೆಯ ಮೈ ಉದುರಿ ಊಟದ ತಾಟಿಗೆ ಬೀಳುತ್ತಿತ್ತಂತೆ. ಉದುರುವಂಥದ್ದು ಏನೂ ಇಲ್ಲದ ಗೋಡೆ ಕಟ್ಟಿಸಬೇಕೆಂದು ಅಂದೇ ಅಂದುಕೊಂಡಿದ್ದರಂತೆ.

ಆಮೇಲೆ ದನಿ ಬದಲಾಯಿತು. "ಗಿಲಾವ್ ಮಾಡಸಬೇಕಂತ ನೀವು ಬರದ್ರ ನಾ ಮಾಡಸೂದಿಲ್ರಿ ಮೇಡಮ್. ಮನಿ ಮಾರಿ ಹೋಗ್ತೇನಿ. ಅವರಿಗೆ ಗ್ವಾಡಿ ಬ್ಯಾಡಾಗಿಲ್ಲ, ನಾವು ಬ್ಯಾಡಾಗೇವಿ."

ಸುಜಾತಾ ಬೌದ್ಧರು. ಮನೆಗೆ ಬಂದಾಗ ಹೋಮ ಮಾಡಿಸದೆ, ಭಂತೇಜಿಯೊಬ್ಬರನ್ನು, ಅಂದರೆ ಬೌದ್ಧ ಭಿಕ್ಷುವನ್ನು, ಕರೆಸಿ ವಂದನೆ ಹೇಳಿಸಿ, ಗೋದಿ ಹುಗ್ಗಿಯ ಊಟ ಇಟ್ಟಿದ್ದರು. ಓಣಿಯ ಪ್ರತಿ ಮನೆಗೂ ತಾಯಿಯ ಜೊತೆ ಹೋಗಿ ಕರೆದಿದ್ದರು. ಒಬ್ಬರೂ ಬರಲಿಲ್ಲ. ಮಾಡಿದ ಹುಗ್ಗಿಯನ್ನು ಸಂಜೆ ತಾವು ಮೊದಲಿದ್ದ ಹಳೇ ಓಣಿಗೆ ಕಳಿಸಿದರಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನು ಗೋಡೆಯ ಸಂದುಗಳನ್ನು ಬೆರಳಿನಿಂದ ಸವರುತ್ತ ಕೂತೆ. ಸಂದುಗಳೇನೋ ಗಟ್ಟಿಯಾಗಿದ್ದವು.

ಬ್ಲಾಕುಗಳ ಬಲದ ಲ್ಯಾಬ್ ವರದಿ ಸರಿ ಇತ್ತು. ಪಾಯ ಎರೆಮಣ್ಣನ್ನು ದಾಟಿ ಮೊರಂ ಎಂಬ ಗಟ್ಟಿ ಗರಸು ಮಣ್ಣನ್ನು ಮುಟ್ಟಿತ್ತು. ಕುಸಿಯುವ ಮಾತು ಅಲ್ಲಿಗೆ ಬಿದ್ದುಹೋಯಿತು. ಉಳಿದದ್ದು ಸೋರಿಕೆ. ನಮ್ಮಲ್ಲಿ ಮಳೆ ಗಾಳಿಯ ಜೊತೆ ಪಶ್ಚಿಮದಿಂದ ಹೊಡೆಯುತ್ತದೆ. ಹಾಗಾಗಿ ಪಶ್ಚಿಮದ ಗೋಡೆಗೆ ಪೈಪಿನಿಂದ ಎರಡು ತಾಸು ಬಿಡದೆ ನೀರು ಹೊಡೆದು ಒಳಗೆ ಹಸಿ ಬರುತ್ತದೆಯೇ ಎಂದು ನೋಡುವುದೆಂದು ತೀರ್ಮಾನಿಸಿದೆ. ಇದಕ್ಕೆ ಸ್ಪ್ರೇ ಟೆಸ್ಟ್ ಎನ್ನುತ್ತೇವೆ. ನನ್ನದೊಂದೇ ಷರತ್ತು: ನೀರು ಹೊಡೆಯುವವಳು ಮನೆಯೊಡತಿ, ಒಳಗೆ ನಿಂತು ಗೋಡೆ ಮುಟ್ಟಿ ನೋಡುವವರು ಸಹಿ ಹಾಕಿದವರು. ಹಸಿ ಇಲ್ಲ ಎಂದು ನಾನು ಹೇಳಿದರೆ ಅದು ನನ್ನ ಮಾತಾಗುತ್ತದೆ, ಅವರ ಕೈ ಹೇಳಿದರೆ ಅವರದೇ ಮಾತಾಗುತ್ತದೆ.

ರವಿವಾರ ಬೆಳಿಗ್ಗೆ ಎಂಟು ಜನ ಬಂದರು. ಮೂವರು ಬರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಗೋಡೆ ನೋಡಲೇ ಇಲ್ಲ. ಜಾಲಿ ನೋಡಿದರು, ಅಟ್ಟ ನೋಡಿದರು, ಅಡುಗೆಮನೆಯ ಕಡೆ ಕತ್ತು ಚಾಚಿದರು. ಸುಜಾತಾ ಹೊರಗೆ ಪೈಪು ಹಿಡಿದು ನಿಂತರು. ಒಂದು ತಾಸು ಕಳೆಯಿತು, ಗೋಡೆ ಒಣಗಿಯೇ ಇತ್ತು. ಕಾಕಾ ಮಾತ್ರ ಕೂರದೆ, ಅಂಗೈಯಿಂದ ಗೋಡೆಯುದ್ದಕ್ಕೂ ತಡವುತ್ತ ಓಡಾಡಿದರು. ಕಿಟಕಿಯ ಕೆಳಗೆ ಬಂದವರು ನಿಂತುಬಿಟ್ಟರು.

"ಮೇಡಮ್, ಇಲ್ಲೆ ಹಸಿ ಆಗೈತಿ. ನಾ ಏನ್ ಹೇಳಿದ್ದೆ?"

ಹೋಗಿ ನೋಡಿದೆ. ನಿಜವಾಗಿಯೂ ಅಂಗೈಯಗಲದ ಹಸಿ. ಹೊರಗೆ ನೀರಿನ ಸದ್ದು ನಿಂತಿತು. ಸುಜಾತಾ ಪೈಪು ಹಿಡಿದುಕೊಂಡೇ ಕಿಟಕಿಯಲ್ಲಿ ಇಣುಕಿ, "ಗಿಲಾವ್ ಏನ್ರಿ ಹಂಗಾರ?" ಎಂದರು. ತಡೀರಿ ಎಂದು ನಾನು ಹೊರಗೆ ಹೋದೆ.

ಅದೇ ಗೋಡೆಯ ಆಚೆ ತುದಿಯಲ್ಲಿ, ಪೈಪಿನ ನೀರು ಇನ್ನೂ ಮುಟ್ಟದ ಇನ್ನೊಂದು ಕಿಟಕಿ ಇತ್ತು. ಅದರ ಹೊರಗಿನ ಕಟ್ಟೆಯ ಮೇಲೆ, ಅಂದರೆ ಚೌಕಟ್ಟಿನ ಕೆಳಗೆ ಚಾಚಿರುವ ಕಲ್ಲಿನ ಮೇಲೆ, ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಹಚ್ಚಿ, ಸುತ್ತಲಿನ ಗೋಡೆಗೆಲ್ಲ ಮತ್ತೆ ಒಂದು ತಾಸು ನೀರು ಹೊಡೆಸಿದೆ. ಒಳಗೆ ಒಂದು ಹನಿ ಇಲ್ಲ. ಆಮೇಲೆ ಹಾಳೆ ತೆಗೆಸಿ ಆ ಕಲ್ಲಿಗಷ್ಟೇ ನೀರು ಬಿಡಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯ ಕೆಳಗೆ ಹಸಿ ಮೂಡಿತು. ಎಂಟೂ ಜನ ಕಣ್ಣಾರೆ ಕಂಡರು. ಕಲ್ಲು ಹೊರಗಿನ ಬದಲು ಒಳಗೆ ಇಳಿಜಾರಾಗಿತ್ತು. ನೀರು ಅಲ್ಲಿಂದ ಚೌಕಟ್ಟಿನ ಅಡಿಗೆ ಜಾರುತ್ತಿತ್ತು. ಗಿಲಾವ್ ಹೊಡೆದಿದ್ದರೂ ಸೋರುತ್ತಿತ್ತು, ಕಾಣಲು ಇನ್ನೆರಡು ಮಳೆಗಾಲ ಬೇಕಾಗುತ್ತಿತ್ತು ಅಷ್ಟೆ.

ಕಾಕಾ ಬಗ್ಗಿ ನೋಡಿ, "ಗ್ವಾಡಿದೇನೂ ತಪ್ಪಿಲ್ಲ ಬಿಡ್ರಿ. ಕಲ್ಲ ಕೂಡಿಸಿದಾಂವಂದು ತಪ್ಪು" ಎಂದರು. ಅಲ್ಲಿಂದ ಮುಂದೆ ಆ ಕಲ್ಲನ್ನು ಹೇಗೆ ಸರಿಮಾಡಬೇಕೆಂದು ಎಂಟು ಜನರದು ಹತ್ತು ಸಲಹೆ. ಕೇಳುವವರಿದ್ದರೆ ಅಲ್ಲೇ ಹೊಸ ಮನೆ ಕಟ್ಟಿಕೊಡುತ್ತಿದ್ದರು.

ಸುಜಾತಾ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವರು ಕಾಕಾನ ಎದುರಿಗೇ ನಿಂತರು. "ಒಂದ್ ಮಾತ್ ಕೇಳ್ತೇನಿ ಕಾಕಾ, ಖರೇ ಹೇಳ್ರಿ. ಅವತ್ತ ನಿಮ್ಮ ಮನಿಗೆ ಬಂದು ಊಟಕ್ಕ ಕರದಿದ್ದೆ. ಯಾಕ ಬರ್ಲಿಲ್ಲ?"

ಉತ್ತರ ಕೊಟ್ಟವರು ಎಂಟು ಜನರಲ್ಲಿ ಒಬ್ಬರಾದ ಕಾಕಾನ ಹೆಂಡತಿ ಗಿರಿಜವ್ವ. "ಅಯ್ಯ, ಅವತ್ತ ಮನೀನ ಮುಗದಿದ್ದಿಲ್ಲಲ್ಲವಾ. ಗಿಲಾವ್ ಇಲ್ಲ, ಬಣ್ಣ ಇಲ್ಲ. ಮನಿ ಕಟ್ಟೂ ಮುಂದ ಚೌಕಟ್ಟಿನ ಪೂಜಿ ಮಾಡ್ತೇವಲ್ಲ, ಹಂಗ ನಡುವ ಏನೋ ಪೂಜಿ ಇರಬೇಕು, ಅದಕ್ಕ ಮನಿ ಮಂದಿ ಅಷ್ಟ ಇರ್ತಾರ, ನಮ್ಮನ್ನ ಬರೇ ಬಾಯಿಮಾತಿಗೆ ಕರದೀರಿ ಅಂತ ತಿಳದ್ವಿ. ಗಿಲಾವ್ ಆದ ಮ್ಯಾಲೆ ವಾಸ್ತುಶಾಂತಿಗೆ ಕರೀತೀರಿ ಅಂತ ಹಾದಿ ಕಾಯಾಕತ್ತೇವಿ, ನೀವು ಕರೀವಲ್ರಿ!"

ಸುಜಾತಾ ಗಿರಿಜವ್ವನನ್ನೇ ದಿಟ್ಟಿಸಿದರು, ನಂಬಿಕೆ ಬಂದಂತೆ ಕಾಣಲಿಲ್ಲ. ಗಿರಿಜವ್ವ ಎದ್ದು ರಸ್ತೆ ದಾಟಿ ಮನೆಗೆ ಹೋದರು. ಬರುವಾಗ ಕೈಯಲ್ಲಿ ಒಂದು ಸೀರೆ ಇತ್ತು. ವಾಸ್ತುಶಾಂತಿಗೆ ಆಹೇರಿ, ಅಂದರೆ ಉಡುಗೊರೆ, ಕೊಡಲೆಂದು, ಸುಜಾತಾ ಮೊದಲು ಕರೆದ ವಾರವೇ ತಂದಿಟ್ಟದ್ದಂತೆ. ಅಂಗಡಿಯ ಚೀಟಿ ಇನ್ನೂ ಅದರ ಮೇಲೇ ಇತ್ತು, ಮಡಿಕೆಗಳು ಕಪಾಟಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಕೊಡಲು ಮುಂದಾದವರು ತಡೆದು, "ಕುಂಕುಮಾ ಹಚ್ಚಿದ್ರ ನಡೀತೈತೇನವಾ ನಿಮಗ?" ಎಂದು ಕೇಳಿದರು.

"ಕುಂಕುಮಾ ಇರ್ಲಿ ಕಾಕು. ಸೀರಿ ಕೊಡ್ರಿ" ಎಂದು ಸುಜಾತಾ ಎರಡೂ ಕೈ ಚಾಚಿದರು. ಅವರ ಕಣ್ಣು ತುಂಬಿತ್ತು. ಗಿರಿಜವ್ವನದೂ ತುಂಬಿತ್ತು. ಕಾಕಾ ಮತ್ತೆ ಕಿಟಕಿಯ ಕಡೆ ತಿರುಗಿ ಕಲ್ಲು ನೋಡತೊಡಗಿದರು. ಆಮೇಲೆ ಸುಜಾತಾರ ತಾಯಿ ಚಹಾ ತಂದರು. ಆರು ಜನ ಕುಡಿದರು. ಇಬ್ಬರು ಕೆಲಸ ಇದೆಯೆಂದು ಎದ್ದು ಹೋದರು; ರವಿವಾರ ಅವರಿಗೆ ಏನು ಕೆಲಸವಿತ್ತೋ ನನಗೆ ಗೊತ್ತಿಲ್ಲ.

ಗಿಲಾವ್ ಬೇಕಿಲ್ಲ, ಕಿಟಕಿ ಕಲ್ಲುಗಳನ್ನು ಹೊರ ಇಳಿಜಾರಿಗೆ ಕೂರಿಸಬೇಕು ಎಂದು ವರದಿ ಬರೆದೆ. ಮಳೆಯ ಮೊದಲೇ ಕೆಲಸ ಮುಗಿಯಿತು.

ಒಂದು ಅರ್ಜಿಗೆ ಹನ್ನೊಂದು ಸಹಿ ಇದ್ದರೆ ಹನ್ನೊಂದು ಜನರ ಮನಸ್ಸು ಒಂದೇ ಎಂದು ತಿಳಿಯುವುದು ನಮ್ಮ ಕಸುಬಿನಲ್ಲಿ ಸುಲಭ. ಅರ್ಜಿ ಕೊಟ್ಟವರಿಗೂ ಹಾಗೇ ಕಾಣುತ್ತದೆ, ಅದರಿಂದ ನೊಂದವರಿಗೂ ಹಾಗೇ ಕಾಣುತ್ತದೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಗೋಡೆ ಮುಟ್ಟಿಸುವ ತನಕ ಯಾರ ಕಾರಣ ಯಾವುದೆಂದು ತಿಳಿಯುವುದಿಲ್ಲ. ಆ ಮನೆ ನನಗೆ ಕಲಿಸಿದ ಪಾಠ ಇದು.

ನಾನು ಹೊರಟಾಗ ಸುಜಾತಾ ಗೇಟಿನ ತನಕ ಬಂದಿದ್ದರು. ಎಲ್ಲ ಬರೀ ತಪ್ಪು ತಿಳಿವಳಿಕೆಯಾಗಿತ್ತಲ್ಲ ಎಂದು ಸಮಾಧಾನ ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು:

"ಎಲ್ಲಾರ್ದೂ ಗಿಲಾವಿನ ಕಾರಣ ಅಂತ ನಾ ನಂಬೂದಿಲ್ರಿ ಮೇಡಮ್. ಒಂದಿಬ್ಬರದಾದ್ರೂ ಖರೇನ ಅದ ಇತ್ತು. ಇಲ್ಲೆ ಇರಾಕ ನನಗ ಅಷ್ಟ ಸಾಕು."